ನಾಲ್ಕು ಬೆರಳು ಗೋಡೆ

ಹೋದ ತಿಂಗಳು ಪಕ್ಕದ ಮನೆಯ ಅಕ್ಕನ ಹೆಣದ ಮುಂದೆ ಕೂತವರೆಲ್ಲ ಸರದಿಯಂತೆ ‘ಪಾಪ’ ಅಂದರು. ನಡೆಯಲಾಗಲಿಲ್ಲ, ಪಾಪ. ಮದುವೆಯಾಗಲಿಲ್ಲ, ಪಾಪ. ಐವತ್ತೆರಡಕ್ಕೇ ಹೋದರು, ಪಾಪ. ನಾನು ಗೋಡೆಗೆ ಒರಗಿ ನಿಂತು ಒಳಗೊಳಗೇ ಕುದಿಯುತ್ತಿದ್ದೆ. ಆ ಒಂದು ಮಾತು ಕೇಳಿದರೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. “ನನ್ನ ಮುಂದ ಪಾಪ ಅಂದಾವ್ರಿಗೆ ಈ ಮನ್ಯಾಗ ಚಾ ಇಲ್ಲ” ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದರು, ಹೇಳಿದಂತೆ ನಡೆಯುತ್ತಲೂ ಇದ್ದರು. ಒಂಬತ್ತು ವರ್ಷದ ಹಿಂದೆ ಹಾಗೆ ಚಹಾ ಕಳೆದುಕೊಂಡವರಲ್ಲಿ ನಾನೂ ಒಬ್ಬಳು.

ಆಗಷ್ಟೇ ಲಕ್ಷ್ಮೇಶ್ವರದಿಂದ ಹಿರೇಹಂದಿಗೋಳದ ಶಾಲೆಗೆ ವರ್ಗವಾಗಿ ಬಂದಿದ್ದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಅವರ ಪಕ್ಕದ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಮೊದಲ ದಿನ ಬೆಳಿಗ್ಗೆ ಮೆಟ್ಟಿಲಿಳಿದು ಬರುತ್ತಿದ್ದಾಗ, ಎರಡೂ ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಕೈ ಊರಿ ಊರಿ ಮೈಯನ್ನು ಎಳೆದುಕೊಳ್ಳುತ್ತ ಒಬ್ಬ ಹೆಂಗಸು ಹೊಸ್ತಿಲು ದಾಟಿ ಕಟ್ಟೆಗೆ ಬಂದರು. ನನ್ನ ಬಾಯಿಂದ ‘ಅಯ್ಯೋ ಪಾಪ’ ಜಾರಿತು. ಅವರು ತಲೆ ಎತ್ತಿ ನೋಡಿದರು. “ಟೀಚರ್, ಕಾಲು ನನ್ನವು. ತ್ರಾಸು ನಿಮಗ್ಯಾಕ?” ಅಂದರು. ಅವತ್ತು ಕಟ್ಟೆಯ ಮೇಲೆ ಕೂತ ಹೆಂಗಸರಿಗೆಲ್ಲ ಚಹಾ ಬಂತು. ನನಗೆ ಬರಲಿಲ್ಲ.

ಮೂರನೇ ದಿನ ನನ್ನ ಸ್ಕೂಟಿ ಶುರುವಾಗಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಬೈಯುತ್ತ ಒದೆಯುತ್ತ ಬೆವರಿಳಿಸಿಕೊಂಡು ನಿಂತಾಗ ಕಟ್ಟೆಯಿಂದ ದನಿ ಬಂತು. “ಎಷ್ಟ ಒದೀತೀರಿ ಅದನ್ನ? ಪ್ಲಗ್ ಬಿಚ್ಚಿ ಇಲ್ಲಿ ತರ್ರಿ.” ಪ್ಲಗ್ಗು ಅಂದರೆ ಯಾವುದು ಎಂದೇ ನನಗೆ ಗೊತ್ತಿರಲಿಲ್ಲ. ಕೂತಲ್ಲಿಂದಲೇ ಬೆರಳು ತೋರಿಸಿ ಬಿಚ್ಚಿಸಿದರು. ಸೆರಗಿನಲ್ಲಿ ಒರೆಸಿ, ಪಾಲೀಸು ಕಾಗದದ ಚೂರಿನಿಂದ ಉಜ್ಜಿ, ತುದಿಯನ್ನು ಉಗುರಿನಿಂದ ಅಳೆದು ಕೊಟ್ಟರು. ಗಾಡಿ ಒಂದೇ ಏಟಿಗೆ ಶುರುವಾಯಿತು. ಆ ಸಂಜೆ ಚಹಾ ಸಿಕ್ಕಿತು, ಬೆನ್ನಿಗೇ ಒಬ್ಬ ಅಕ್ಕನೂ ಸಿಕ್ಕಿದಳು. ಅಲ್ಲಿಂದ ನಾನು ಅವರನ್ನು ಅಕ್ಕಾ ಎಂದೇ ಕರೆದೆ.

ಎರಡು ವರ್ಷದ ಕೂಸಾಗಿದ್ದಾಗ ಬಂದ ಜ್ವರ ಅವರ ಎರಡೂ ಕಾಲಿನ ಬಲ ತೆಗೆದುಕೊಂಡು ಹೋಗಿತ್ತು. ಹುಟ್ಟಿದ್ದು ನೇಕಾರರ ಮನೆಯಲ್ಲಿ. ಅವರ ಮನೆಯದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಿನಿಂದ ತುಳಿಯುತ್ತ ಕೈಯಿಂದ ಲಾಳಿ ಹೊಡೆಯಬೇಕು. ಕಾಲಿಲ್ಲದವರಿಗೆ ಅಲ್ಲಿ ಜಾಗವಿಲ್ಲ. ಆರನೇ ವರ್ಷಕ್ಕೆ ಅವರನ್ನು ರಾಟಿಯ ಮುಂದೆ ಕೂರಿಸಿದರು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅವರ ಕೆಲಸವಾಯಿತು. ಮೊದಲು ಅಪ್ಪನಿಗೆ, ಆಮೇಲೆ ಅಣ್ಣನಿಗೆ, ಹೀಗೆ ನಲವತ್ತು ವರ್ಷ ಸುತ್ತಿದರು. ಮಗ್ಗ ಕೆಟ್ಟರೆ ರಿಪೇರಿಯೂ ಅವರದೇ. ನೂಲು ಸಿಕ್ಕಾದರೆ ಅಣ್ಣ ಹರಿಯಲು ಹೋಗುತ್ತಿದ್ದರು, ಇವರು ಕೈ ತಡೆದು, ತುದಿ ಸಿಗುವ ತನಕ ಅರ್ಧ ದಿನವಾದರೂ ಕೂತು ಬಿಡಿಸುತ್ತಿದ್ದರು.

ಎಲ್ಲಿಗೆ ಹೋಗುವುದಿದ್ದರೂ ಅಣ್ಣನೇ ಎತ್ತಿಕೊಂಡು ಹೋಗಬೇಕಿತ್ತು. ಅವರು ತಂಗಿಗಿಂತ ಎರಡೇ ವರ್ಷಕ್ಕೆ ದೊಡ್ಡವರು. ಅವರು ಎತ್ತುವ ರೀತಿಯನ್ನು ಮೆಚ್ಚಬೇಕು. ಮೊಣಕಾಲ ಕೆಳಗೊಂದು ಕೈ, ಬೆನ್ನ ಹಿಂದೊಂದು ಕೈ, ಸೀರೆ ಸರಿಯದಂತೆ ಮೊದಲೇ ಸಿಕ್ಕಿಸಿ, ಒಂದು ದಿನವೂ ಮುಖ ಗಂಟು ಹಾಕದೆ ಎತ್ತುತ್ತಿದ್ದರು. ಆದರೆ ಅವರು ಎಲ್ಲಿ ಇಳಿಸುತ್ತಾರೋ ಅಲ್ಲೇ ಕೂರಬೇಕು, ಅವರು ಬರುವ ತನಕ ಕೂರಬೇಕು. ಮುಂಡರಗಿಯಲ್ಲಿ ಯಾರದೋ ಮದುವೆಗೆ ಹೋದದ್ದನ್ನು ಅಕ್ಕ ಒಮ್ಮೆ ನಗುತ್ತಲೇ ಹೇಳಿದ್ದರು. ಕಲ್ಯಾಣ ಮಂಟಪದ ಖುರ್ಚಿಯಲ್ಲಿ ಕೂರಿಸಿ ಹೋದ ಅಣ್ಣ ಮಂದಿಯ ಮಾತಿನಲ್ಲಿ ಸಿಕ್ಕಿಬಿದ್ದರಂತೆ. “ಮರತಿದ್ದಿಲ್ಲ ಮತ್ತ ಅಣ್ಣ. ಊಟದ ತಾಟ ಹಿಡಕೊಂಡ ಬಂದ. ನನಗ ಊಟ ಬೇಕಾಗಿದ್ದಿಲ್ರಿ. ಬಚ್ಚಲಕ್ಕ ಹೋಗಬೇಕಾಗಿತ್ತು. ಅಷ್ಟ ಮಂದಿ ಮುಂದ ಹೆಂಗ ಹೇಳ್ಲಿ? ನಾಕ್ ತಾಸು ಹಂಗ ಕುಂತೆ.” ನನಗೆ ನಗು ಬರಲಿಲ್ಲ.

ಕೊರೊನಾ ವರ್ಷ ಮಗ್ಗ ನಿಂತಿತು. ಆಮೇಲೆ ಶುರುವಾಗಲೇ ಇಲ್ಲ. ಅಣ್ಣ ಮಗ್ಗದ ಕಟ್ಟಿಗೆ ಮಾರಿ ಗದಗಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಓಣಿಯ ಬಾಗಿಲಿಗೇ ಇದ್ದ ಮಗ್ಗದ ಕೋಣೆಯಲ್ಲಿ ಉಳಿದದ್ದು ಖಾಲಿ ಕುಣಿ ಮತ್ತು ಅದರ ಪಕ್ಕದಲ್ಲಿ ಅಣ್ಣ ಓಡಿಸಿ ಸಾಕಾಗಿ ನಿಲ್ಲಿಸಿದ್ದ ಹಳೆಯ ಬೈಕು. ಸುತ್ತಲು ನೂಲಿಲ್ಲದೆ ಅಕ್ಕನ ಕೈ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಕುಣಿಯ ಮೇಲೆ ಎರಡು ಹಲಗೆ, ಹಲಗೆಯ ಮೇಲೆ ಬೈಕು ನಿಂತಿತ್ತು. ಅಕ್ಕ ಕುಣಿಯೊಳಗೆ ಇಳಿದು ಇಂಜಿನ್ನಿನ ಹೊಟ್ಟೆಯನ್ನು ನೋಡುತ್ತಿದ್ದರು. ಮುಖದ ತುಂಬ ಎಣ್ಣೆ. “ಟೀಚರ್, ನಾ ಈ ಕುಣ್ಯಾಗ ಇಳದದ್ದು ಇದ ಮೊದಲ್ರಿ” ಅಂದರು. ಕೈ ಎತ್ತಿದರೆ ಸರಿಯಾಗಿ ಇಂಜಿನ್ನು ಸಿಗುತ್ತಿತ್ತು. ಅಷ್ಟು ಖುಷಿಯನ್ನು ನಾನು ಅವರ ಮುಖದಲ್ಲಿ ಅದುವರೆಗೆ ನೋಡಿರಲಿಲ್ಲ.

ಅವರು ಕಟ್ಟಲು ಹೊರಟದ್ದು ತಮ್ಮದೇ ಗಾಡಿಯನ್ನು. ಬೈಕಿನ ಹಿಂಭಾಗ ಕಳಚಿ ಅಲ್ಲಿ ಎರಡು ಗಾಲಿ, ಗಾಲಿಗಳ ನಡುವೆ ಕೆಳಗೆ ಒಂದು ಸೀಟು, ಅಲ್ಲಿಯ ತನಕ ಚಾಚಿದ ಉದ್ದನೆಯ ಹ್ಯಾಂಡಲ್ಲು. ಗೇರು, ಬ್ರೇಕು ಎಲ್ಲ ಕೈಯಲ್ಲೇ. ನಿಯಮ ಒಂದೇ ಇತ್ತು. “ಯಾರೂ ಎತ್ತಬಾರದು.” ಅದಕ್ಕೇ ಸೀಟು ನೆಲದಿಂದ ಒಂದೇ ಗೇಣು ಎತ್ತರ. ಹಿಂದೊಮ್ಮೆ ಅವರಿಗೆ ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಸಿಕ್ಕಿತ್ತಂತೆ. ಒಳ್ಳೆಯ ಸೈಕಲ್ಲೇ, ಆದರೆ ಸೀಟು ಎತ್ತರ. ಹತ್ತಿಸಲು ಅಣ್ಣ ಬೇಕು, ಇಳಿಸಲು ಅಣ್ಣ ಬೇಕು. ಓಣಿಯಲ್ಲೇ ತುಕ್ಕು ಹಿಡಿದು ಗುಜರಿಗೆ ಹೋಯಿತು. ಈ ಸಲ ಅಕ್ಕ ಎಲ್ಲವನ್ನೂ ತಮ್ಮ ಮೈಯಿಂದಲೇ ಅಳೆದರು. ಭುಜದಿಂದ ಮುಂಗೈ ಎಷ್ಟು, ಕೈ ಊರಿದರೆ ಮೈ ಎಷ್ಟು ಏಳುತ್ತದೆ, ಎಲ್ಲ ಗೇಣು ಬೆರಳುಗಳ ಲೆಕ್ಕದಲ್ಲಿ ಇದ್ದಿಲಿನಿಂದ ಗೋಡೆಯ ಮೇಲೆ ಬರೆದಿದ್ದರು.

ಸಾಮಾನು ತರುವವಳು ನಾನಾದೆ. ಶಾಲೆ ಬಿಟ್ಟು ಬರುವಾಗ ಗದಗಿನ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದೆ. ಹಳೆಯ ಆಟೋದ ಹಿಂದಿನ ಎರಡು ಗಾಲಿ ಕೂಡಿಸುವ ಅಚ್ಚನ್ನು ಸ್ಕೂಟಿಗೆ ಅಡ್ಡ ಕಟ್ಟಿಕೊಂಡು ಬಂದ ದಿನ ಬೆಟಗೇರಿಯ ಅರ್ಧ ಊರು ನನಗೆ ದಾರಿ ಬಿಟ್ಟಿತು. ಹಿಂದಿನ ಓಣಿಯಲ್ಲಿ ಕಿಟಕಿ ಗ್ರಿಲ್ಲು ಮಾಡುವ ಚಾಚಾ ತಮ್ಮ ವೆಲ್ಡಿಂಗ್ ಮಷೀನನ್ನು ಮನೆಗೇ ತಂದರು. “ಇಷ್ಟ ಕೆಳಗ ಸೀಟ್ ಇಟ್ರ ಮಳಿ ನೀರು ಹೊಡೀತೈತಿ ತಂಗಿ” ಎಂದು ಅವರು ತಕರಾರು ತೆಗೆದರೆ, “ಹೊಡೀಲಿ ಬಿಡು ಚಾಚಾ. ಮಳ್ಯಾಗ ನೆನೀಬೇಕಾದ್ರೂ ಯಾರರ ಹೊರಗ ಒಯ್ದು ಕುಂಡ್ರಸಬೇಕು ನನ್ನ” ಎಂದು ಅಕ್ಕ ಅನ್ನುತ್ತಿದ್ದರು. ಚಾಚಾ ಕಣ್ಣಿಗೆ ಗಾಜು ಇಳಿಸಿಕೊಳ್ಳುತ್ತಿದ್ದರು.

ಅಣ್ಣ ಬೇಡ ಅನ್ನಲಿಲ್ಲ. “ಮಾಡ್ಲಿ ಬಿಡ್ರಿ. ಹೊತ್ತು ಹೋಗತೈತಿ” ಎಂದು ನಗುತ್ತಿದ್ದರು. ಒಮ್ಮೆ ಮಾತ್ರ, “ಇಂಥಾ ಗಾಡಿಗೆ ಆರ್‌ಟಿಓದಾಗ ಪಾಸಿಂಗ್ ಯಾರ್ ಕೊಡ್ತಾರವ್ವಾ?” ಎಂದು ಕೇಳಿದರು. “ನನಗ ಯಾರ್ ಕೊಟ್ಟಾರ?” ಎಂದು ಅಕ್ಕ ಸ್ಪ್ಯಾನರು ತಿರುಗಿಸುತ್ತಲೇ ಇದ್ದರು.

ಎರಡು ವರ್ಷ ಹಿಡಿಯಿತು. ಮುಗಿಯಲು ಇನ್ನು ಐದು ತಿಂಗಳಿದ್ದಾಗ ನಾನು ಅಣ್ಣನ ಅಂಗಡಿಗೆ ಕುಪ್ಪಸದ ಬಟ್ಟೆ ಕೊಳ್ಳಲು ಹೋದೆ. ಮೀಟರಿನ ಸರಳಿಗೆ ಬಟ್ಟೆ ಹಿಡಿದು ಅಳೆಯುತ್ತ ಅಣ್ಣ ದನಿ ತಗ್ಗಿಸಿದರು.

“ಟೀಚರ್, ಆ ಅಚ್ಚು ನೀವ ತಂದ್ರೆಲ್ಲಾ, ಅದು ಎಷ್ಟ ಅಗಲ ಐತಿ ಗೊತ್ತೇನು?”

“ಗೊತ್ತಿಲ್ರಿ.”

“ನಮ್ಮ ಬಾಗಲಾ ಅದಕ್ಕಿಂತ ನಾಕ್ ಬೆರಳ ಸಣ್ಣದು.”

“ಅಕ್ಕಾಗ ಹೇಳಲಿಲ್ಲೇನ್ರಿ?” ಅಂದೆ.

“ಅಚ್ಚು ಬಂದ ದಿನಾನ ಗೊತ್ತಾತು ನನಗ. ಯಾಕ ಹೇಳ್ಲಿ? ಕಟ್ಟಾಕತ್ತಾಳ, ಖುಷಿ ಇದಾಳ. ಹೊರಗ ಹೋದ್ರ ಯಾವರ ಲಾರಿ ಗುದ್ದಿ ಹೋಗತೈತಿ. ನೀವೂ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ.” ಮಾತು ಮುಗಿಯುವಷ್ಟರಲ್ಲಿ ಬಟ್ಟೆ ಹರಿದು ಮಡಿಸಿ ಕೈಗೆ ಕೊಟ್ಟರು.

ಒಂದೊಂದು ಬೆರಳನ್ನೂ ಅಳೆದ ಅಕ್ಕ ಬಾಗಿಲನ್ನು ಹೇಗೆ ಮರೆತರು ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಆಮೇಲೆ ತಿಳಿಯಿತು. ಮಗ್ಗ ಮನೆಯೊಳಗೆ ಬರುವುದು ಬಿಡಿ ಕಟ್ಟಿಗೆಯಾಗಿ. ಒಳಗೇ ಜೋಡಿಸುತ್ತಾರೆ, ಅದು ಒಳಗೇ ಬಾಳಿ ಒಳಗೇ ಮುರಿಯುತ್ತದೆ. ಹೊರಗೆ ಹೋಗುವುದು ಸೀರೆ, ಅದೂ ಮಡಿಸಿ ಕಂಕುಳಲ್ಲಿ. ನೇಕಾರರ ಮನೆಯಲ್ಲಿ ಯಾರೂ ಬಾಗಿಲು ಅಳೆಯುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸರಳು ಹಿಡಿದು ನಿಂತ ಮೇಲಷ್ಟೇ ಅಣ್ಣನಿಗೆ ಆ ಕಣ್ಣು ಬಂದಿರಬೇಕು.

ಮರುದಿನವೇ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಾತಾಡಲು ನಾಚದವಳು, ಹೆಡ್‌ಮಾಸ್ತರರಿಗೇ ಎದುರಾಡುವವಳು, ಐದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೆ. ಅಕ್ಕನ ಮುಖ ಬಾಡುವುದನ್ನು ನೋಡಲಾರೆ ಎಂದು ನೆಪ ಹೇಳಿಕೊಂಡೆ. ನಿಜವೇನೆಂದರೆ ಲಾರಿಯ ಭಯ ನನಗೂ ಇತ್ತು. ಅವರು ಒಳಗೇ ಇದ್ದರೆ ನೆಮ್ಮದಿ ಎಂದು ನಾನೂ ಅಂದುಕೊಂಡಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗಾಡಿ ಶುರು ಮಾಡುವ ದಿನ ಓಣಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅಕ್ಕ ನೆಲದಿಂದ ಕೈ ಊರಿ ಒಂದೇ ನೆಗೆತಕ್ಕೆ ಸೀಟಿಗೆ ಜಾರಿದರು. ಗುಂಡಿ ಒತ್ತಿದರು. ಇಂಜಿನ್ನು ಕೆಮ್ಮಿ, ಮತ್ತೊಮ್ಮೆ ಕೆಮ್ಮಿ, ಹಿಡಿದುಕೊಂಡಿತು. ಕೋಣೆ ತುಂಬ ಹೊಗೆ. ಕೈಯಿಂದ ಗೇರು ಹಾಕಿ ಮೆಲ್ಲಗೆ ಬಿಟ್ಟರು. ಮುಂದಿನ ಗಾಲಿ ಹೊಸ್ತಿಲು ದಾಟಿತು. ಹಿಂದಿನ ಎರಡೂ ಗಾಲಿ ಎರಡೂ ಕಡೆಯ ಚೌಕಟ್ಟಿಗೆ ಬಡಿದು ನಿಂತವು. ಓಣಿ ನಕ್ಕಿತು. ಮೊದಲು ಅಕ್ಕನೂ ನಕ್ಕರು.

“ಏನ್ ಆಗೂದಿಲ್ಲ ತಂಗಿ. ಅಚ್ಚು ಕತ್ತರಿಸಿ ಹೊರಗ ಒಯ್ದು ಬೆಸೀತೀನಿ, ಒಂದ ತಾಸಿನ ಕೆಲಸ” ಎಂದು ಚಾಚಾ ಅನ್ನುವಷ್ಟರಲ್ಲಿ ಅಣ್ಣ, “ಬ್ಯಾಡ. ಓಣ್ಯಾಗ ನಿಲ್ಲಸಾಕ ಜಾಗಿಲ್ಲ. ಒಳಗ ಇರ್ಲಿ” ಅಂದರು. ತೀರ ಬೇಗ ಅಂದುಬಿಟ್ಟರು. ಅಕ್ಕ ಅಣ್ಣನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಂದಿ ಚದುರಿದ ಮೇಲೆ ಕೇಳಿದರು.

“ಗೊತ್ತಿತ್ತೇನ್ರಿ ನಿಮಗ?”

“ಹೂಂ.”

“ಯಾವಾಗಿಂದ?”

“ಐದ್ ತಿಂಗಳಾತು.”

“ಮನಿಗೆ ಹೋಗ್ರಿ ಟೀಚರ್.”

ಒಂದು ತಿಂಗಳು ನನ್ನ ಜೊತೆ ಮಾತಿಲ್ಲ. ಗಾಡಿಯನ್ನು ಹಿಂದಕ್ಕೆ ಎಳೆಯಲೂ ಬಿಡಲಿಲ್ಲ. ಮುಂದಿನ ಗಾಲಿ ಕಟ್ಟೆಯ ಮೇಲೆ, ಉಳಿದದ್ದೆಲ್ಲ ಮನೆಯೊಳಗೆ. ಅದರ ಸೀಟಿನಲ್ಲೇ ಕೂತು ಊಟ, ಅಲ್ಲೇ ಕೂತು ಸಂಜೆಯ ತನಕ ಹೊರಗೆ ನೋಡುವುದು. ಮನೆ ಮಂದಿಯೆಲ್ಲ ಹಿತ್ತಲ ಬಾಗಿಲಿನಿಂದ ಗಟಾರ ದಾಟಿ ಓಡಾಡಬೇಕಾಯಿತು. ಇಸ್ತ್ರಿ ಅಂಗಿ ಹಾಕಿದ ಅಣ್ಣ ದಿನಾ ಬೆಳಿಗ್ಗೆ ಪ್ಯಾಂಟು ಎತ್ತಿ ಹಿಡಿದು ಗಟಾರ ಜಿಗಿಯುವುದು ನನ್ನ ಮಹಡಿಯಿಂದ ಕಾಣುತ್ತಿತ್ತು. ಅವರ ಹೆಂಡತಿ, ನಾವೆಲ್ಲ ವೈನಿ ಅನ್ನುವವರು, ಗೋಡೆಯ ಮೇಲಿಂದ ನನ್ನ ಹತ್ತಿರ ಅತ್ತರು. “ಇಬ್ಬರೂ ಮಾತಾಡವಲ್ರು ಟೀಚರ್. ಮನಿ ಜೇಲ ಆಗೇತಿ.” ಅಕ್ಕನಿಗೆ ಅದು ಜೈಲಾಗಿ ಎಷ್ಟು ವರ್ಷವಾಗಿತ್ತು ಎಂದು ಕೇಳಬೇಕೆನಿಸಿತು. ನನಗೆ ಆ ಮಾತಾಡುವ ಯೋಗ್ಯತೆ ಇರಲಿಲ್ಲ.

ತಿಂಗಳ ಕೊನೆಗೆ ಒಂದು ಸಂಜೆ ಅಕ್ಕನ ಕರೆ ಬಂತು. “ಟೀಚರ್, ಬರ್ರಿ. ನನಗ ಸಾಕ್ಷಿ ಬೇಕು.” ನಾನೂ ಗಟಾರ ಜಿಗಿದು ಹಿತ್ತಲಿನಿಂದ ಒಳಗೆ ಹೋದೆ. ಅಣ್ಣ ಊಟಕ್ಕೆ ಕೂತಿದ್ದರು. ಅಕ್ಕ ಗಾಡಿಯಲ್ಲಿದ್ದರು.

“ಅಣ್ಣಾ, ಅಪ್ಪನ ಮನ್ಯಾಗ ನನ್ನ ಪಾಲ ಐತಿಲ್ಲ?”

ಅಣ್ಣನ ಕೈ ತುತ್ತಿನ ಜೊತೆ ನಿಂತಿತು. “ಪಾಲ ಕೇಳ್ತಿಯೇನ? ನಿನಗ ಏನ್ ಕಡಿಮಿ ಮಾಡೀನಿ ನಾ?”

“ಏನೂ ಕಡಿಮಿ ಮಾಡಿಲ್ಲ. ಮನಿ ನಿನಗ ಇರ್ಲಿ. ಈ ಕಡಿ ಎರಡ್ ಬೆರಳು, ಆ ಕಡಿ ಎರಡ್ ಬೆರಳು. ನಾಕ್ ಬೆರಳ ಗೋಡಿ ಕೊಡು ನನಗ. ಬಾಕಿದ್ದಕ್ಕೆಲ್ಲಾ ಸಹಿ ಹಾಕ್ತೀನಿ, ಟೀಚರ್ ಸಾಕ್ಷಿ.”

“ಅಪ್ಪ ಕುಂಡ್ರಿಸಿದ ಚೌಕಟ್ಟ ಅದು. ಹೊಸ್ತಿಲಾ ಕೀಳಬಾರದು.”

“ದಿನಾ ಮುಂಜಾನಿ ಅದನ್ನ ತೊಳದು ಅರಿಷಿಣ ಹಚ್ಚಾಕಿ ನಾನ. ಅದಕ್ಕ ಸಿಟ್ಟ ಬಂದ್ರ ನನ್ನ ಮ್ಯಾಲ ಬರ್ಲಿ.”

ಅಣ್ಣ ತಾಟನ್ನು ಪಕ್ಕಕ್ಕೆ ಸರಿಸಿದರು. “ರಸ್ತೇದಾಗ ಬಿದ್ದರ? ಯಾರ್ ಎತ್ತಬೇಕು ನಿನ್ನ?”

“ಯಾರರ ಎತ್ತಲಿ. ಎತ್ತದಿದ್ರ ಬಿದ್ದಿರ್ತೀನಿ. ನೀ ಇಳಿಸಿದಲ್ಲೇ ಕುಂಡ್ರೂದು ಸಾಕಾಗೇತಿ ಅಣ್ಣಾ.”

ಸಿಟ್ಟಿನಿಂದ ಹೇಳಿದ್ದರೆ ಅಣ್ಣ ತಡೆದುಕೊಳ್ಳುತ್ತಿದ್ದರೋ ಏನೋ. ಅಕ್ಕ ಬಹಳ ಮೆತ್ತಗೆ ಹೇಳಿದರು. ಅಣ್ಣ ಅರ್ಧ ಊಟಕ್ಕೇ ಕೈ ತೊಳೆದು ಹಿತ್ತಲಿನಿಂದ ಹೊರಟುಹೋದರು. ನಾನು ಅಳುತ್ತ ತಪ್ಪಾತು ಅಂದೆ. “ತಪ್ಪ ಆಗೇತಿ. ಕುಂಡ್ರಿ” ಅಂದರು. ವೈನಿ ಚಹಾ ಇಡಲು ಎದ್ದಾಗ, “ಟೀಚರ್‌ಗೆ ಇವತ್ತ ಬ್ಯಾಡ” ಎಂದೂ ಸೇರಿಸಿದರು. ಆ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಆ ರವಿವಾರ ಹಾರೆಯ ಸಪ್ಪಳಕ್ಕೆ ಎಚ್ಚರವಾಯಿತು. ಕೆಳಗಿಳಿದು ನೋಡಿದರೆ ಬನಿಯನ್ನು ತೊಟ್ಟ ಅಣ್ಣ ಒಬ್ಬರೇ ಗೋಡೆ ಒಡೆಯುತ್ತಿದ್ದರು. ಗಾಡಿಯನ್ನು ಒಳಗೆ ಸರಿಸಿದ್ದರು, ಚೌಕಟ್ಟು ಕಿತ್ತು ಕಟ್ಟೆಗೆ ಒರಗಿಸಿದ್ದರು. ತಂಗಿ ಕೇಳಿದ್ದು ನಾಲ್ಕು ಬೆರಳು, ಅವರು ಒಡೆದದ್ದು ಒಂದು ಮೊಳ. ಗೋಡೆ ಕಟ್ಟುವ ಗೌಂಡಿಯನ್ನು ಕರೆಸಿ ಅಗಲವಾಗಿ ಹೊಸ ಚೌಕಟ್ಟು ಕೂರಿಸಿದರು. ಹೊಸ್ತಿಲನ್ನು ನೆಲದ ಮಟ್ಟಕ್ಕೆ ಇಳಿಸಿ, ಕಟ್ಟೆಯ ಅಂಚು ಕಡಿದು, ಓಣಿಗೆ ಇಳಿಜಾರಾಗಿ ಫರ್ಸಿ ಕಲ್ಲು ಹಾಕಿಸಿದರು. ಎಂಟು ದಿನದ ಆ ಕೆಲಸದಲ್ಲಿ ತಂಗಿಯ ಜೊತೆ ಒಂದೂ ಮಾತಾಡಲಿಲ್ಲ.

ದಸರೆಯ ರಜೆಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಹೊರಟರು. ಸೀರೆಯ ಮೇಲೆ ಅಣ್ಣನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಹೆಲ್ಮೆಟ್ಟು. ಅಣ್ಣ ಅಂಗಡಿಗೆ ಹೋಗಿರಲಿಲ್ಲ. ರೂಢಿಯಂತೆ ಎರಡೂ ಕೈ ಚಾಚಿ ಬಗ್ಗಿದರು. “ಕೈ ತಗಿ ಅಣ್ಣಾ” ಅಂದರು ಅಕ್ಕ. ಅಣ್ಣ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಗುತ್ತಲೇ ನನ್ನ ಕಡೆ ಓಡಿ ಬಂದರು. “ಟೀಚರ್, ಹಿಂದ ಹೋಗ್ರಿ. ಅಕಿಗೆ ಗೊತ್ತಾಗದಂಗ ಹೋಗ್ರಿ.” ಸ್ಕೂಟಿಯ ಕೀಲಿ ನನ್ನ ಕೈಯಲ್ಲೇ ಇತ್ತು. ಒಮ್ಮೆ ಅವರ ಮಾತು ಕೇಳಿ ಆಗಿತ್ತು. “ಹೋಗೂದಿಲ್ರಿ” ಅಂದು ಮಹಡಿ ಹತ್ತಿ ಬಾಗಿಲು ಹಾಕಿಕೊಂಡೆ. ಒಳಗೆ ಕೂತು ಗಳಿಗೆಗೊಮ್ಮೆ ಗಡಿಯಾರ ನೋಡಿದೆ, ಅದು ಬೇರೆ ಮಾತು.

ದೀಪ ಹಚ್ಚುವ ಮೊದಲು ಅಕ್ಕ ಬಂದರು. ಮುಖದ ತುಂಬ ಧೂಳು, ಹೆಲ್ಮೆಟ್ಟಿನ ಪಟ್ಟಿಯ ಗುರುತು. “ಎಲ್ಲಿಗೆ ಹೋಗಿದ್ದಿ?” ಎಂದರು ಅಣ್ಣ.

“ಹೋಗಿದ್ದೆ.”

“ಎಲ್ಲಿಗೆ ಅಂತ ಕೇಳಿದೆ.”

“ಅದನ್ನ ಹೇಳೂದಿಲ್ಲ.”

ಅಣ್ಣ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಟಯರಿಗೆ ಅಂಟಿದ ಮಣ್ಣನ್ನು ಉಗುರಿನಿಂದ ಕೆರೆದರು. “ಕರಿ ಎರಿ ಮಣ್ಣ ಐತಿ. ಡಂಬಳದ ಕಡೆ ಹೋಗಿದ್ದೇನ? ಮ್ಯಾಲ ಕೆಂಪ ಮಸಾರಿ ಧೂಳನೂ ಐತಲ್ಲ. ಮಾಗಡಿ ಕೆರಿಗೇನ?” ಅಕ್ಕ ಸೀಟಿನಲ್ಲಿ ಕೂತೇ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಆಮೇಲೆ ಒಂದೂವರೆ ವರ್ಷ ಆ ಗಾಡಿ ಓಡಿತು. ಸಂತೆಗೆ, ಚಾಚಾನ ಶೆಡ್ಡಿಗೆ, ನನ್ನ ಶಾಲೆಯ ತನಕವೂ ಬಂದು ಹುಡುಗರಿಗೆ ಇಂಜಿನ್ನು ಬಿಚ್ಚಿ ತೋರಿಸಿ ಹೋದರು. ಎಲ್ಲಿಗೆ ಹೋದರೂ ಹೇಳಿಯೇ ಹೋಗುತ್ತಿದ್ದರು, ಬಂದ ಮೇಲೆ ರಸ್ತೆಯ ತಗ್ಗುಗಳ ತನಕ ವರದಿ ಕೊಡುತ್ತಿದ್ದರು. ಆ ಮೊದಲ ದಿನದ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ನಾನೂ ಎರಡು ಸಲ ಕೇಳಿ ಬೈಸಿಕೊಂಡೆ.

ಹೋದ ತಿಂಗಳು ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆಗೆ ಅಣ್ಣನೇ ಎತ್ತಿಕೊಂಡು ಹೋದರು. ಮೂರು ದಿನವಷ್ಟೇ.

ಅಕ್ಕನ ದಿನಕಾರ್ಯ ಮುಗಿದ ಸಂಜೆ ಅಣ್ಣ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಟೀಚರ್, ಈಗರ ಹೇಳ್ರಿ. ಆವತ್ತ ಅಕಿ ಎಲ್ಲಿಗೆ ಹೋಗಿದ್ಲು?”

“ನನಗ ಹೇಳಿಲ್ರಿ.”

“ನಿಮಗ ಹೇಳಿರಬೇಕು. ಐವತ್ತ ವರ್ಷದಾಗ ಅಕಿ ಎಲ್ಲಿದಾಳ ಅಂತ ನನಗ ಗೊತ್ತಿಲ್ಲದ್ದು ಅದೊಂದ ದಿನಾ ರೀ. ಖರೆ ಹೇಳ್ರಿ.”

“ಖರೇನ ಗೊತ್ತಿಲ್ರಿ” ಅಂದೆ. ಅವರು ನಂಬಲಿಲ್ಲ. ನನಗೆ ನಿಜವಾಗಿಯೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.